ನರದ ತುದಿಯಿಂದ ಹೃದಯದವರೆಗೆ

(ಸಂಘದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಸಂಘದ ವೇದಿಕೆಯಲ್ಲಿ ನರಗಳ ವಿಚಾರವಾಗಿ ಉಪನ್ಯಾಸವೆಂದರೆ ಸಭಿಕರಿಗೆ ಮೊದಲೇ ಸ್ವಲ್ಪ ಅಳುಕು ಉಂಟಾಗುವುದು ಸಹಜ. ಆ ಅಳುಕೇ ಇಂದಿನ ನನ್ನ ವಿಷಯ. ರಾಜ್ಯೋತ್ಸವದ ದಿನ ಹಾಡಲು ಸಜ್ಜಾಗಿ ತೆರೆಯ ಹಿಂದೆ ನಿಂತಿರುವ ಮಗುವನ್ನು ನೆನಪಿಗೆ ತಂದುಕೊಳ್ಳಿ. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಗಂಟಲ ಪಸೆ ಆರಿದೆ, ಅಂಗೈ ಬೆವರಿದೆ, ಕಣ್ಣ ಪಾಪೆ ಅಗಲವಾಗಿದೆ. ಕಾರ್ಯಕ್ರಮ ಮುಗಿದು, ಬಿಸಿಬೇಳೆ ಭಾತ್ ಊಟವಾಗಿ, ಅದೇ ಮಗು ತಾಯಿಯ ತೊಡೆಯ ಮೇಲೆ ತಲೆಯಿಟ್ಟಾಗ ಎದೆಯ ಬಡಿತ ನಿಧಾನವಾಗಿದೆ, ಹೊಟ್ಟೆ ತನ್ನ ಕೆಲಸ ತೊಡಗಿದೆ, ಕಣ್ಣು ಕೂರುತ್ತಿದೆ. ಈ ಎರಡು ಸ್ಥಿತಿಗಳಲ್ಲಿ ಯಾವುದನ್ನೂ ಮಗು ತಾನಾಗಿ ಬಯಸಿ ಮಾಡಲಿಲ್ಲ. ನಮ್ಮ ಅಪ್ಪಣೆಗೆ ಕಾಯದೆ ನಮ್ಮನ್ನು ಹಗಲಿರುಳು ನಡೆಸುವ ಈ ವ್ಯವಸ್ಥೆಗೆ ಸ್ವಯಂಚಾಲಿತ ನರವ್ಯೂಹ ಎಂದು ಹೆಸರು.

ನರವು ಹೃದಯಕ್ಕೆ ‘ಬೇಗ’ ಎಂದೋ ‘ನಿಧಾನ’ ಎಂದೋ ಹೇಳುವುದಾದರೆ ಯಾವ ಭಾಷೆಯಲ್ಲಿ ಹೇಳುತ್ತದೆ? ಕೇಳಿದರೆ ಚಿಕ್ಕ ಪ್ರಶ್ನೆ. ಇದಕ್ಕೆ ಉತ್ತರ ದೊರೆಯಲು ಸುಮಾರು ಒಂದು ಶತಮಾನ ಹಿಡಿಯಿತು. ಸರಿಯಾದ ಉತ್ತರವನ್ನು ಕಂಡವರು ಒಮ್ಮೆ ಅದನ್ನು ಕೈಬಿಟ್ಟರು. ಇನ್ನೊಮ್ಮೆ ಕಂಡವರು ತಮ್ಮ ದೇಶವನ್ನೇ ಬಿಡಬೇಕಾಯಿತು. ಕೊನೆಗೆ ಆ ಉತ್ತರ ನಮ್ಮ ನಾಡಿನ ತಾಲ್ಲೂಕು ಆಸ್ಪತ್ರೆಗಳ ತನಕ ನಡೆದು ಬಂದಿತು. ಆ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ಹೆಸರಿಟ್ಟವರು

1845ರಲ್ಲಿ ಜರ್ಮನಿಯ ವೇಬರ್ ಸಹೋದರರು ಒಂದು ವಿಚಿತ್ರವನ್ನು ತೋರಿಸಿದರು. ಮೆದುಳಿನ ಬುಡದಿಂದ ಹೊರಟು ಕತ್ತಿನ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆ. ಪ್ರಚೋದನೆ ಬಲವಾದರೆ ನಿಂತೇ ಹೋಗುತ್ತದೆ. ಕನ್ನಡ ಕಿವಿಗೆ ಈ ನರದ ಹೆಸರಿನಲ್ಲಿ ‘ವೇಗ’ ಕೇಳಿಸಿದರೂ ಅದರ ಕೆಲಸ ವೇಗವನ್ನು ಇಳಿಸುವುದು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಅಲೆಮಾರಿ ಎಂದರ್ಥ. ನರವೆಂದರೆ ಕೆಲಸ ಮಾಡಿಸುವುದು ಎಂದು ಮಾತ್ರ ತಿಳಿದಿದ್ದ ಕಾಲದಲ್ಲಿ, ಕೆಲಸವನ್ನು ತಡೆಯುವ ನರವೂ ಉಂಟೆಂಬುದು ದೊಡ್ಡ ಆಶ್ಚರ್ಯವಾಗಿತ್ತು.

ಈ ನರಗಳ ನಕ್ಷೆಯನ್ನು ಬಿಡಿಸಿದ ಕೀರ್ತಿ ಮುಖ್ಯವಾಗಿ ಕೇಂಬ್ರಿಜ್‌ನ ವಾಲ್ಟರ್ ಗ್ಯಾಸ್ಕೆಲ್ ಮತ್ತು ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಅವರಿಗೆ ಸಲ್ಲುತ್ತದೆ. ಲ್ಯಾಂಗ್ಲಿ 1889ರಲ್ಲಿ ಡಿಕಿನ್ಸನ್ ಅವರೊಡನೆ ಒಂದು ಸರಳ ಉಪಾಯವನ್ನು ಕಂಡುಕೊಂಡರು. ಒಳ ಅಂಗಗಳಿಗೆ ಹೋಗುವ ನರಗಳು ನೇರವಾಗಿ ಹೋಗದೆ, ದಾರಿಯಲ್ಲಿ ನರಗಂಟುಗಳಲ್ಲಿ ತಂಗಿ, ಅಲ್ಲಿಂದ ಬೇರೊಂದು ನರಕೋಶಕ್ಕೆ ಸುದ್ದಿಯನ್ನು ಒಪ್ಪಿಸುತ್ತವೆ. ಹೊಗೆಸೊಪ್ಪಿನ ಸಾರವಾದ ನಿಕೊಟಿನನ್ನು ಆ ಗಂಟಿನ ಮೇಲೆ ಕುಂಚದಿಂದ ಸವರಿದರೆ ಸುದ್ದಿ ಅಲ್ಲಿಯೇ ನಿಲ್ಲುತ್ತದೆ. ಹೀಗೆ ಒಂದೊಂದು ಗಂಟಿಗೂ ನಿಕೊಟಿನ್ ಸವರುತ್ತ, ಯಾವ ನರ ಎಲ್ಲಿ ಬದಲಿ ಕುದುರೆ ಹತ್ತುತ್ತದೆ ಎಂಬುದನ್ನು ಅವರು ಗುರುತಿಸಿದರು. ‘ಸ್ವಯಂಚಾಲಿತ ನರವ್ಯೂಹ’ ಎಂದು ನಾವು ಕರೆಯುವ ವ್ಯವಸ್ಥೆಗೆ 1898ರಲ್ಲಿ ಹೆಸರಿಟ್ಟವರು ಅವರೇ.

ಇದರಲ್ಲಿ ಎರಡು ಪಾಲು. ಬೆನ್ನುಹುರಿಯ ಎದೆ ಮತ್ತು ಸೊಂಟದ ಭಾಗದಿಂದ ಹೊರಡುವುದು ಅನುವೇದನಾ ವಿಭಾಗ, ಎಂದರೆ ಸಿಂಪಥೆಟಿಕ್. ಮೆದುಳಿನ ಬುಡದಿಂದಲೂ ಬೆನ್ನುಹುರಿಯ ಕೊನೆಯಿಂದಲೂ ಹೊರಡುವುದು ಪರಾನುವೇದನಾ ವಿಭಾಗ, ಎಂದರೆ ಪ್ಯಾರಾಸಿಂಪಥೆಟಿಕ್. ಮೊದಲನೆಯದು ಆಪತ್ತಿನ ಕಾಲದ ಬಂಧು. ಎರಡನೆಯದು ಊಟ, ನಿದ್ರೆ, ವಿಶ್ರಾಂತಿಗಳ ಒಡನಾಡಿ. ತೆರೆಯ ಹಿಂದೆ ನಿಂತ ಮಗುವಿನಲ್ಲಿ ಮೊದಲನೆಯದರ ಮೇಲುಗೈ, ತಾಯಿಯ ತೊಡೆಯ ಮೇಲೆ ಎರಡನೆಯದರದು.

ಕೈಗೆ ಬಂದು ತಪ್ಪಿದ ಉತ್ತರ

ದಾರಿ ಗೊತ್ತಾಯಿತು, ದಾರಿಯ ಕೊನೆಯಲ್ಲಿ ನಡೆಯುವುದೇನು ಎಂಬುದು ಗೊತ್ತಾಗಲಿಲ್ಲ. ನರದಲ್ಲಿ ಓಡುವುದು ವಿದ್ಯುತ್ ಎಂದು ಆಗಲೇ ತಿಳಿದಿತ್ತು. ಆದುದರಿಂದ ನರದ ತುದಿಯಿಂದ ಅಂಗಕ್ಕೆ ಜಿಗಿಯುವುದೂ ವಿದ್ಯುತ್ತೇ ಇರಬೇಕೆಂದು ಬಹುಮಂದಿ ನಂಬಿದ್ದರು. ಆದರೆ ಅದೇ ವಿದ್ಯುತ್ತು ಒಂದು ನರದಲ್ಲಿ ಬಂದರೆ ಹೃದಯ ಓಡುವುದೇಕೆ, ಇನ್ನೊಂದರಲ್ಲಿ ಬಂದರೆ ನಿಲ್ಲುವುದೇಕೆ? ಈ ಸಂದೇಹಕ್ಕೆ ಯಾರಲ್ಲಿಯೂ ಸಮಾಧಾನವಿರಲಿಲ್ಲ.

ಸುಳಿವು ಬೇರೊಂದು ದಿಕ್ಕಿನಿಂದ ಬಂದಿತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೆನಲ್ ಗ್ರಂಥಿಯ ರಸವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ ಎಂದು 1890ರ ದಶಕದ ನಡುವೆ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ತೋರಿಸಿದರು. ಆ ರಸದ ಸತ್ವವನ್ನು ಹರಳಾಗಿ ಬೇರ್ಪಡಿಸುವ ಕಾರ್ಯ 1900ರಲ್ಲಿ ನ್ಯೂಯಾರ್ಕಿನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ನೆರವೇರಿತು. ಅಲ್ಲಿಯ ಯಜಮಾನರು ನಮ್ಮ ಹಾಗೆಯೇ ತಾಯ್ನಾಡನ್ನು ಬಿಟ್ಟು ಬಂದವರು: ಜಪಾನಿನ ಜೋಕಿಚಿ ತಾಕಾಮಿನೆ. ಅವರ ಸಹಾಯಕ ಕೈಜೋ ಉಎನಾಕ. ಅವರು ಪಡೆದ ಆ ಹರಳಿನ ಹೆಸರೇ ಅಡ್ರೆನಲಿನ್. 1912ರಲ್ಲಿ ವಾಷಿಂಗ್ಟನ್ ನಗರಕ್ಕೆ ಜಪಾನಿನಿಂದ ಬಂದ ಚೆರಿ ಗಿಡಗಳ ಕೊಡುಗೆಯ ಹಿಂದೆಯೂ ತಾಕಾಮಿನೆಯವರ ಕೈಯಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಲ್ಯಾಂಗ್ಲಿಯವರ ಶಿಷ್ಯ ಥಾಮಸ್ ರೆಂಟನ್ ಎಲಿಯಟ್ ಆಗ ಮೂವತ್ತು ತುಂಬದ ತರುಣ. ಅಡ್ರೆನಲಿನ್ ಮಾಡುವ ಕೆಲಸವೂ ಅನುವೇದನಾ ನರಗಳನ್ನು ಪ್ರಚೋದಿಸಿದಾಗ ಆಗುವ ಕೆಲಸವೂ ಅಂಗದಿಂದ ಅಂಗಕ್ಕೆ ಹೋಲುತ್ತವೆ ಎಂಬುದನ್ನು ಅವರು ತಾಳ್ಮೆಯಿಂದ ಪರೀಕ್ಷಿಸಿದರು. ನರವನ್ನು ಕತ್ತರಿಸಿ ಅದರ ತುದಿ ಕೊಳೆತು ಹೋದ ಮೇಲೆಯೂ ಅಡ್ರೆನಲಿನ್ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತಿತ್ತು. ಹಾಗಾದರೆ ಅದು ನರದ ಮೇಲೆ ಅಲ್ಲ, ಅಂಗದ ಮೇಲೆಯೇ ನೇರವಾಗಿ ವರ್ತಿಸುತ್ತಿರಬೇಕು. 1904ರ ಮೇ ತಿಂಗಳಲ್ಲಿ ಅವರು ಶರೀರಕ್ರಿಯಾಶಾಸ್ತ್ರ ಸಂಘದ ಮುಂದೆ ಒಂದು ಕಿರು ಟಿಪ್ಪಣಿಯನ್ನಿಟ್ಟು, ನರದ ಸುದ್ದಿ ತುದಿಗೆ ಬಂದಾಗಲೆಲ್ಲ ಅಲ್ಲಿ ಬಿಡುಗಡೆಯಾಗುವ ರಾಸಾಯನಿಕವೇ ಅಡ್ರೆನಲಿನ್ ಇರಬಹುದೆಂದು ಸೂಚಿಸಿದರು.

ಇಡೀ ಕಥೆಯ ಬೀಜ ಆ ಒಂದು ಊಹೆಯಲ್ಲಿತ್ತು. ಆದರೆ ಬೀಜಕ್ಕೆ ನೀರೆರೆಯುವವರು ದೊರೆಯಲಿಲ್ಲ. ಎಲಿಯಟ್ ತಮ್ಮ ಮುಂದಿನ ವಿಸ್ತಾರವಾದ ಲೇಖನದಲ್ಲಿ ಆ ಮಾತನ್ನು ಅಷ್ಟು ಧೈರ್ಯವಾಗಿ ಮುಂದುವರಿಸಲಿಲ್ಲ. ಕೆಲವು ವರ್ಷಗಳಲ್ಲಿ ಆಸ್ಪತ್ರೆಯ ವೈದ್ಯವೃತ್ತಿಗೆ ಹೊರಟುಹೋದರು. 1907ರಲ್ಲಿ ವಾಲ್ಟರ್ ಡಿಕ್ಸನ್ ವೇಗಸ್ ನರದ ಬಗ್ಗೆ ಇಂಥದೇ ಪ್ರಯೋಗ ಮಾಡಿದರೂ ಯಾರೂ ಕಿವಿಗೊಡಲಿಲ್ಲ. ಸತ್ಯವನ್ನು ಮೊದಲು ಹೇಳಿದರೆ ಸಾಲದು, ಅದನ್ನು ಕಾಣಿಸಿ ತೋರಿಸುವ ಪ್ರಯೋಗವೂ ಬೇಕು. ಅದಕ್ಕೆ ಹದಿನೇಳು ವರ್ಷ ಕಾಯಬೇಕಾಯಿತು.

ಈ ನಡುವೆ ಎರಡು ಮುಖ್ಯ ಬೆಳವಣಿಗೆಗಳಾದವು. 1905ರಲ್ಲಿ ಲ್ಯಾಂಗ್ಲಿ, ನಿಕೊಟಿನ್ ಸ್ನಾಯುವನ್ನು ಕೆರಳಿಸುವುದನ್ನೂ ಕುರಾರೆ ವಿಷವು ಅದನ್ನು ತಡೆಯುವುದನ್ನೂ ಗಮನಿಸಿ, ಅಂಗದ ಕೋಶದಲ್ಲಿಯೇ ಇವೆರಡನ್ನೂ ಹಿಡಿದುಕೊಳ್ಳುವ ಒಂದು ‘ಸ್ವೀಕಾರ ವಸ್ತು’ ಇರಬೇಕೆಂದು ವಾದಿಸಿದರು. ಇಂದು ನಾವು ಅದನ್ನು ಗ್ರಾಹಕ ಎನ್ನುತ್ತೇವೆ. ಅಂಗಡಿಗೆ ಬರುವ ಗ್ರಾಹಕನಲ್ಲ. ಬಂದ ಸುದ್ದಿಯನ್ನು ಗ್ರಹಿಸುವ ಗ್ರಾಹಕ.

ಎರಡನೆಯದು ಹೆನ್ರಿ ಡೇಲ್ ಅವರ ಕೆಲಸ. ರೈ ಧಾನ್ಯದ ತೆನೆಗೆ ಹಿಡಿಯುವ ಅರ್ಗಟ್ ಎಂಬ ಬೂಷ್ಟಿನ ಸಾರಗಳನ್ನು ಪರೀಕ್ಷಿಸುತ್ತಿದ್ದ ಅವರಿಗೆ ಅದರಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ದೊರೆಯಿತು. 1914ರಲ್ಲಿ ಅವರು ಅದರ ಎರಡು ಮುಖಗಳನ್ನು ವಿವರಿಸಿದರು. ಒಂದು ಮುಖ ಅಣಬೆಯ ವಿಷವಾದ ಮಸ್ಕರಿನ್‌ನಂತೆ: ಹೃದಯವನ್ನು ನಿಧಾನಗೊಳಿಸುವುದು, ಜೊಲ್ಲು ಸುರಿಸುವುದು; ಇದನ್ನು ಅಟ್ರೊಪಿನ್ ತಡೆಯುತ್ತದೆ. ಇನ್ನೊಂದು ಮುಖ ನಿಕೊಟಿನ್‌ನಂತೆ: ನರಗಂಟುಗಳನ್ನು ಕೆರಳಿಸುವುದು, ಇದನ್ನು ಅಟ್ರೊಪಿನ್ ತಡೆಯಲಾರದು. ಈ ವಸ್ತುವಿನ ಪರಿಣಾಮ ಕ್ಷಣಮಾತ್ರದ್ದಾಗಿರುವುದನ್ನು ಕಂಡು, ರಕ್ತದಲ್ಲಿ ಅದನ್ನು ಒಡೆದು ಹಾಕುವ ಕಿಣ್ವವೊಂದು ಇರಬಹುದೆಂದೂ ಅವರು ಊಹಿಸಿದರು. ಆದರೆ ಪ್ರಾಣಿಯ ದೇಹದಲ್ಲಿ ಅಸಿಟೈಲ್‌ಕೋಲಿನ್ ಇದೆ ಎಂಬುದಕ್ಕೆ ಆಗ ಯಾವ ಆಧಾರವೂ ಇರಲಿಲ್ಲವಾದ್ದರಿಂದ ಡೇಲ್ ಅಲ್ಲಿಗೇ ನಿಂತರು. 1914ರ ಈ ಎರಡು ಮುಖಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಉಪನ್ಯಾಸದ ಕೊನೆಯಲ್ಲಿ ಇವು ಮತ್ತೆ ಬರುತ್ತವೆ.

ಎರಡು ಕಪ್ಪೆಗಳು, ಎರಡು ರಾತ್ರಿಗಳು

ನಮ್ಮಲ್ಲಿ ವಿಜ್ಞಾನದ ವಿದ್ಯಾರ್ಥಿಗಳಾಗಿದ್ದ ಹಿರಿಯರಿಗೆ ಪಿಯುಸಿ ತರಗತಿಯ ಕಪ್ಪೆ ಮರೆತಿರಲಾರದು. ಕಪ್ಪೆಯ ಹೃದಯವನ್ನು ದೇಹದಿಂದ ತೆಗೆದು ತಕ್ಕ ಉಪ್ಪುನೀರಿನಲ್ಲಿ ಇಟ್ಟರೆ ಅದು ಬಹಳ ಹೊತ್ತು ತಾನಾಗಿಯೇ ಮಿಡಿಯುತ್ತಿರುತ್ತದೆ.

ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಓಟೋ ಲೋವಿ 1920ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ನಿದ್ರೆಯಲ್ಲಿ ಒಂದು ಪ್ರಯೋಗವನ್ನು ಕಂಡರಂತೆ. ದೀಪ ಹಚ್ಚಿ, ಸಿಕ್ಕಿದ ಒಂದು ತೆಳು ಹಾಳೆಯಲ್ಲಿ ನಾಲ್ಕಕ್ಷರ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ನೋಡಿದರೆ ಬರೆದದ್ದನ್ನು ಓದಲಾಗಲಿಲ್ಲ. ಕಂಡದ್ದೂ ನೆನಪಿಗೆ ಬಾರದು, ಬರೆದದ್ದೂ ಅರ್ಥವಾಗದು. ಆ ಭಾನುವಾರ ತಮ್ಮ ವಿಜ್ಞಾನ ಜೀವನದಲ್ಲಿಯೇ ಅತ್ಯಂತ ಹತಾಶೆಯ ದಿನವಾಗಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮತ್ತೆ ಬಂದಿತು. ಈ ಸಲ ಅವರು ಕಾಗದವನ್ನು ನಂಬದೆ ಎದ್ದು ನೇರವಾಗಿ ಪ್ರಯೋಗಾಲಯಕ್ಕೆ ನಡೆದರು.

ಪ್ರಯೋಗ ಹೀಗಿತ್ತು. ಎರಡು ಕಪ್ಪೆಗಳ ಹೃದಯಗಳನ್ನು ಬೇರೆಬೇರೆಯಾಗಿ ಉಪ್ಪುನೀರಿನಲ್ಲಿ ಮಿಡಿಯಲು ಬಿಟ್ಟರು. ಒಂದಕ್ಕೆ ನರವಿತ್ತು, ಇನ್ನೊಂದಕ್ಕಿರಲಿಲ್ಲ. ಮೊದಲ ಹೃದಯದ ವೇಗಸ್ ನರವನ್ನು ಪ್ರಚೋದಿಸಿದರು, ಅದು ನಿಧಾನವಾಯಿತು. ಅದರೊಳಗಿನ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಸೇರಿಸಿದರು. ಯಾವ ನರವೂ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು! ಅದೇ ರೀತಿ ವೇಗವರ್ಧಕ ನರವನ್ನು ಪ್ರಚೋದಿಸಿ ತೆಗೆದ ದ್ರವ ಎರಡನೆಯ ಹೃದಯವನ್ನು ಓಡಿಸಿತು. ವಿದ್ಯುತ್ತು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ದ್ರವದೊಡನೆ ಸಾಗಲಾರದು. ಸಾಗಿದ್ದು ಒಂದು ವಸ್ತು. 1921ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದಾಗ ಲೋವಿ ಅದನ್ನು ಸರಳವಾಗಿ ‘ವೇಗಸ್ ವಸ್ತು’ ಎಂದು ಕರೆದರು.

ಈ ಕನಸಿನ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಲೋವಿಯವರ ಇನ್ನೊಂದು ಮಾತು. ನರದ ತುದಿಯಲ್ಲಿ ಏನಾದರೂ ಬಿಡುಗಡೆಯಾದರೂ ಅದು ಅಲ್ಲಿನ ಅಗತ್ಯಕ್ಕೆ ಸಾಕಾಗುವಷ್ಟೇ ಇರುತ್ತದೆ, ಸುತ್ತಲಿನ ದ್ರವಕ್ಕೆ ಚೆಲ್ಲಿ ಇನ್ನೊಂದು ಹೃದಯವನ್ನು ತಡೆಯುವಷ್ಟು ಹೇಗೆ ಉಳಿದೀತು? ಹಗಲಿನಲ್ಲಿ ಎಚ್ಚರದಿಂದ ಯೋಚಿಸಿದ್ದರೆ ಈ ಕಾರಣದಿಂದಲೇ ಪ್ರಯೋಗವನ್ನು ತಳ್ಳಿಹಾಕುತ್ತಿದ್ದೆ ಎಂದು ಅವರು ಒಪ್ಪಿಕೊಂಡರು. ಅದೃಷ್ಟವೂ ಅವರ ಕಡೆಗಿತ್ತು. ಕಪ್ಪೆಯ ವೇಗಸ್‌ನಲ್ಲಿ ವೇಗ ಹೆಚ್ಚಿಸುವ ತಂತುಗಳೂ ಬೆರೆತಿರುತ್ತವೆ. ಋತುವಿಗೆ ತಕ್ಕಂತೆ ಒಂದರ ಅಥವಾ ಇನ್ನೊಂದರ ಕೈ ಮೇಲಾಗುತ್ತದೆ. ತಣ್ಣಗಿನ ಕಪ್ಪೆಯ ಹೃದಯದಲ್ಲಿ ಆ ವಸ್ತುವನ್ನು ಒಡೆಯುವ ಕಿಣ್ವದ ಕೆಲಸವೂ ನಿಧಾನ. ಬಿಸಿರಕ್ತದ ಪ್ರಾಣಿಗಳಲ್ಲಿ ಹುಡುಕಿದವರಿಗೆ ಏನೂ ಸಿಗದೆ, ಹಲವರು ಲೋವಿಯವರನ್ನು ಸಂಶಯಿಸಿದರು. 1926ರಲ್ಲಿ ಲೋವಿ ಮತ್ತು ನವ್ರಾಟಿಲ್ ಆ ಸಂಶಯದ ಬುಡಕ್ಕೇ ಕೈಹಾಕಿದರು. ವೇಗಸ್ ವಸ್ತುವನ್ನು ಹೃದಯದೊಳಗಿನ ಕಿಣ್ವವೊಂದು ಒಡೆದು ಹಾಕುತ್ತದೆ. ಫೈಸೊಸ್ಟಿಗ್ಮಿನ್ ಎಂಬ ಸಸ್ಯವಿಷ ಆ ಕಿಣ್ವದ ಕೈಕಟ್ಟುತ್ತದೆ. ಆಗ ವಸ್ತು ಉಳಿಯುತ್ತದೆ. ಎಲ್ಲ ಲಕ್ಷಣಗಳೂ ಡೇಲ್ ಅವರ ಅಸಿಟೈಲ್‌ಕೋಲಿನ್‌ನವೇ. 1929ರಲ್ಲಿ ಡೇಲ್ ಮತ್ತು ಡಡ್ಲಿ ಕುದುರೆ ಮತ್ತು ಎತ್ತಿನ ಗುಲ್ಮದಿಂದ ಅಸಿಟೈಲ್‌ಕೋಲಿನನ್ನು ಬೇರ್ಪಡಿಸಿದಾಗ, ಪ್ರಾಣಿದೇಹದಲ್ಲಿ ಅದು ಸಹಜವಾಗಿಯೇ ಇದೆಯೆಂಬುದೂ ಸಿದ್ಧವಾಯಿತು.

ಊರು ಬಿಟ್ಟವರು

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದಿತು. ಬರ್ಲಿನ್ನಿನಲ್ಲಿ ಸಂಶೋಧಕರಾಗಿದ್ದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಯಹೂದಿಯೆಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡರು. ಲಂಡನ್ನಿನಲ್ಲಿ ಡೇಲ್ ಅವರಿಗೆ ಆಶ್ರಯ ಕೊಟ್ಟರು. ಫೆಲ್ಡ್‌ಬರ್ಗ್ ಬರಿಗೈಯಲ್ಲಿ ಬರಲಿಲ್ಲ. ಜಿಗಣೆಯ ಸ್ನಾಯುವನ್ನು ಫೈಸೊಸ್ಟಿಗ್ಮಿನ್‌ನಲ್ಲಿ ನೆನೆಸಿಟ್ಟರೆ ಅದು ಅತ್ಯಲ್ಪ ಅಸಿಟೈಲ್‌ಕೋಲಿನ್‌ಗೂ ಮುದುರಿಕೊಳ್ಳುತ್ತದೆ. ಆ ಸೂಕ್ಷ್ಮ ಪರೀಕ್ಷೆಯ ಕೌಶಲ ಅವರ ಬೆರಳುಗಳಲ್ಲಿತ್ತು. ಮುಂದಿನ ಮೂರು ವರ್ಷಗಳಲ್ಲಿ ನರಗಂಟುಗಳಲ್ಲಿ, ಬೆವರಿನ ಗ್ರಂಥಿಗಳಲ್ಲಿ, ಕೊನೆಗೆ ನಮ್ಮ ಇಚ್ಛೆಯಂತೆ ನಡೆಯುವ ಸ್ನಾಯುಗಳಲ್ಲಿ ಕೂಡ ಸುದ್ದಿ ಒಯ್ಯುವುದು ಅಸಿಟೈಲ್‌ಕೋಲಿನ್ನೇ ಎಂದು ಡೇಲ್ ಅವರ ಬಳಗ ತೋರಿಸಿತು.

1936ರಲ್ಲಿ ಲೋವಿ ಮತ್ತು ಡೇಲ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಎರಡೇ ವರ್ಷಗಳಲ್ಲಿ, 1938ರ ಮಾರ್ಚ್ ತಿಂಗಳಲ್ಲಿ, ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡ ರಾತ್ರಿಯೇ ಲೋವಿಯವರನ್ನು ಸೆರೆಮನೆಗೆ ತಳ್ಳಲಾಯಿತು. ಅವರ ಇಬ್ಬರು ಮಕ್ಕಳನ್ನೂ ಬಂಧಿಸಿದರು. ತಮ್ಮ ಕೊನೆಯ ಪ್ರಯೋಗದ ಫಲ ತಮ್ಮೊಡನೆ ಅಳಿದುಹೋಗಬಾರದೆಂದು ಅವರು ಸೆರೆಯಿಂದಲೇ ಒಂದು ಕಾರ್ಡಿನಲ್ಲಿ ಅದನ್ನು ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸಿದರು. ಸ್ವೀಡನ್ನಿನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹತೋಟಿಯ ಬ್ಯಾಂಕಿಗೆ ವರ್ಗಾಯಿಸಿದ ಮೇಲೆಯೇ ಅವರಿಗೆ ದೇಶ ಬಿಡಲು ಅಪ್ಪಣೆ ಸಿಕ್ಕಿತು. ಬ್ರಸೆಲ್ಸ್, ಆಕ್ಸ್‌ಫರ್ಡ್‌ಗಳನ್ನು ದಾಟಿ 1940ರಲ್ಲಿ ಅವರು ನ್ಯೂಯಾರ್ಕ್ ತಲುಪಿದಾಗ ವಯಸ್ಸು ಅರವತ್ತೇಳರ ಹೊಸ್ತಿಲಲ್ಲಿತ್ತು. ವಲಸೆ ಅಧಿಕಾರಿಯ ಮೇಜಿನ ಮೇಲೆ ಅವರ ವೈದ್ಯಕೀಯ ಪತ್ರ ತೆರೆದು ಬಿದ್ದಿತ್ತು. ಓರೆಗಣ್ಣಿನಿಂದ ನೋಡಿದರೆ ಅದರಲ್ಲಿ ಬರೆದದ್ದು ಇಷ್ಟು: ಮುಪ್ಪಿನಿಂದ ಜೀರ್ಣರಾದವರು, ದುಡಿದು ಬದುಕಲಾರರು! ತಮ್ಮನ್ನು ಹಿಂದಕ್ಕೆ ಕಳುಹಿಸಿಯೇ ಬಿಡುತ್ತಾರೆಂದು ಲೋವಿ ನಡುಗಿದರಂತೆ. ಅಧಿಕಾರಿ ಆ ಮಾತನ್ನು ಲಕ್ಷಿಸದೆ ಅವರನ್ನು ಸ್ವಾಗತಿಸಿದನು. ವೀಸಾ, ಪಾಸ್‌ಪೋರ್ಟುಗಳ ಸಾಲಿನಲ್ಲಿ ಎದೆ ಹಿಡಿದುಕೊಂಡು ನಿಂತ ಅನುಭವ ಇಲ್ಲಿರುವ ಬಹುಮಂದಿಗೆ ಉಂಟು. ಆ ಕ್ಷಣದಲ್ಲಿ ಎದೆ ಏಕೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟ ಮನುಷ್ಯನ ಎದೆಯೂ ಅಂದು ಹಾಗೆಯೇ ಹೊಡೆದುಕೊಂಡಿರಬೇಕು. 1961ರಲ್ಲಿ ನ್ಯೂಯಾರ್ಕಿನಲ್ಲಿಯೇ ಅವರು ತೀರಿಕೊಂಡರು.

ಇಷ್ಟಾದರೂ ಎಲ್ಲರೂ ಒಪ್ಪಿದರೆಂದಲ್ಲ. ರಸದ ಪಕ್ಷ, ಕಿಡಿಯ ಪಕ್ಷ ಎಂದು ವಿಜ್ಞಾನಿಗಳಲ್ಲಿ ಎರಡು ಬಣಗಳು ಬಹುಕಾಲ ವಾದಿಸಿದವು. ಕಿಡಿಯ ಪಕ್ಷದ ಮುಂದಾಳು ಆಸ್ಟ್ರೇಲಿಯಾದ ಜಾನ್ ಎಕಲ್ಸ್. 1951ರಲ್ಲಿ ಬೆನ್ನುಹುರಿಯ ನರಕೋಶದೊಳಗೇ ಸೂಕ್ಷ್ಮ ವಿದ್ಯುದಗ್ರವನ್ನಿಳಿಸಿ ಪರೀಕ್ಷಿಸಿದಾಗ ತಮ್ಮ ಪ್ರಯೋಗವೇ ತಮ್ಮ ವಾದವನ್ನು ಅಲ್ಲಗಳೆಯಿತೆಂದು ಅವರು ಕಂಡುಕೊಂಡರು, ಮರೆಮಾಚದೆ ಒಪ್ಪಿಕೊಂಡರು. ಸೋಲನ್ನು ಹೀಗೆ ಒಪ್ಪಿಕೊಳ್ಳುವುದಕ್ಕೂ ದೊಡ್ಡತನ ಬೇಕು.

ಓದುವವರು ಯಾರು?

ಇನ್ನು ಅನುವೇದನಾ ನರಗಳ ವಸ್ತು. ಅದು ಅಡ್ರೆನಲಿನ್ನೇ ಎಂಬ ನಂಬಿಕೆ ಬಹುಕಾಲ ನಡೆಯಿತು, ಏಕೆಂದರೆ ಲೋವಿಯವರ ಕಪ್ಪೆಗಳಲ್ಲಿ ಅದು ನಿಜವೂ ಆಗಿತ್ತು. 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಸಸ್ತನಿಗಳಲ್ಲಿ ಆ ವಸ್ತು ಅಡ್ರೆನಲಿನ್‌ನ ಹತ್ತಿರದ ಬಂಧುವಾದ ನಾರ್‌ಅಡ್ರೆನಲಿನ್ ಎಂದು ತೋರಿಸಿದರು. ಹೀಗೆ ಚಿತ್ರ ಪೂರ್ಣವಾಯಿತು. ಎರಡು ವಿಭಾಗಗಳಲ್ಲಿಯೂ ನರಗಂಟಿನ ಸುದ್ದಿ ಅಸಿಟೈಲ್‌ಕೋಲಿನ್‌ನದು. ಕೊನೆಯ ನಿಲ್ದಾಣದಲ್ಲಿ ಪರಾನುವೇದನೆಯದು ಅಸಿಟೈಲ್‌ಕೋಲಿನ್, ಅನುವೇದನೆಯದು ಬಹುಮಟ್ಟಿಗೆ ನಾರ್‌ಅಡ್ರೆನಲಿನ್. ಬೆವರಿನ ಗ್ರಂಥಿಗಳು ಮಾತ್ರ ಇದಕ್ಕೆ ಅಪವಾದ. ಅಲ್ಲಿ ಅನುವೇದನಾ ನರಗಳೂ ಅಸಿಟೈಲ್‌ಕೋಲಿನ್ನನ್ನೇ ಬಿಡುತ್ತವೆ.

ಆದರೆ ಒಂದು ಒಗಟು ಉಳಿಯಿತು. ಅಡ್ರೆನಲಿನ್ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಶ್ವಾಸನಾಳಗಳನ್ನು ಸಡಿಲಿಸುತ್ತದೆ, ಹೃದಯವನ್ನು ಓಡಿಸುತ್ತದೆ. ಒಂದೇ ವಸ್ತು ಒಂದೆಡೆ ಬಿಗಿದು ಇನ್ನೊಂದೆಡೆ ಸಡಿಲಿಸುವುದು ಹೇಗೆ? 1948ರಲ್ಲಿ ಅಮೆರಿಕದ ಜಾರ್ಜಿಯಾದ ರೇಮಂಡ್ ಆಲ್‌ಕ್ವಿಸ್ಟ್ ಅಡ್ರೆನಲಿನ್ ಬಳಗದ ಕೆಲವು ವಸ್ತುಗಳನ್ನು ಬೇರೆಬೇರೆ ಅಂಗಗಳ ಮೇಲೆ ಪ್ರಯೋಗಿಸಿ, ಅವುಗಳ ಬಲದ ಕ್ರಮವನ್ನು ಬರೆದಿಟ್ಟರು. ಕ್ರಮ ಎರಡೇ ಬಗೆಯದಾಗಿತ್ತು. ಹಾಗಾದರೆ ಗ್ರಾಹಕಗಳೂ ಎರಡು ಬಗೆ ಇರಬೇಕೆಂದು ಹೇಳಿ ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಊರಿನಿಂದ ಬಂದ ಒಂದೇ ಓಲೆಯನ್ನು ಒಂದು ಮನೆಯವರು ಓದಿ ಅಳುತ್ತಾರೆ, ಇನ್ನೊಂದು ಮನೆಯವರು ಓದಿ ನಗುತ್ತಾರೆ. ಅಕ್ಷರ ಒಂದೇ, ಓದುವ ಮನೆ ಬೇರೆ. ದೇಹದಲ್ಲಿಯೂ ಹಾಗೆಯೇ: ಸುದ್ದಿಯ ಅರ್ಥವನ್ನು ನಿರ್ಧರಿಸುವುದು ಕಳುಹಿಸುವ ನರ ಮಾತ್ರವಲ್ಲ, ಸ್ವೀಕರಿಸುವ ಗ್ರಾಹಕ.

ಸುಮಾರು ಹತ್ತು ವರ್ಷ ಈ ಲೇಖನವನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ಗಮನಿಸಿದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಎದೆನೋವಿನ ರೋಗಿಯ ಹೃದಯಕ್ಕೆ ಹೆಚ್ಚು ರಕ್ತ ಒದಗಿಸುವುದು ಹೇಗೆ ಎಂದು ಎಲ್ಲರೂ ಯೋಚಿಸುತ್ತಿದ್ದಾಗ, ಹೃದಯದ ಬೇಡಿಕೆಯನ್ನೇ ಇಳಿಸಿದರೆ ಹೇಗೆ ಎಂದು ಅವರು ಕೇಳಿದರು. ಬೀಟಾ ಗ್ರಾಹಕವನ್ನು ಮುಚ್ಚಿಬಿಟ್ಟರೆ ಅಡ್ರೆನಲಿನ್ ಎಷ್ಟೇ ಕೂಗಿದರೂ ಹೃದಯಕ್ಕೆ ಕೇಳಿಸದು. ಹೀಗೆ 1964ರಲ್ಲಿ ಪ್ರೊಪ್ರನೊಲಾಲ್ ಬಂದಿತು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಬೀಟಾದಲ್ಲಿಯೂ ಎರಡು ಬಗೆ ಎಂದು 1967ರಲ್ಲಿ ತಿಳಿಯಿತು: ಹೃದಯದಲ್ಲಿ ಹೆಚ್ಚಾಗಿ ಒಂದನೆಯದು, ಶ್ವಾಸನಾಳದಲ್ಲಿ ಎರಡನೆಯದು. ಎರಡನೆಯದನ್ನು ಮಾತ್ರ ಎಚ್ಚರಿಸುವ ಸಾಲ್ಬುಟಮಾಲ್ ಆಮೇಲೆ ದಮ್ಮಿನ ರೋಗಿಗಳ ಕೈಗೆ ಬಂದಿತು. 2007ರಲ್ಲಿ ಈ ಎರಡನೆಯ ಬೀಟಾ ಗ್ರಾಹಕದ ಆಕಾರವೇ ಪರಮಾಣು ಮಟ್ಟದಲ್ಲಿ ಗೋಚರಿಸಿತು. ಕೋಶದ ಪೊರೆಯನ್ನು ಏಳು ಬಾರಿ ಹೊಲಿದಂತಿರುವ ಒಂದು ಪ್ರೋಟೀನು. ಈ ಕಾರ್ಯಕ್ಕಾಗಿ 2012ರಲ್ಲಿ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯನ್ ಕೊಬಿಲ್ಕ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಲ್ಯಾಂಗ್ಲಿಯವರು ಊಹೆಯಲ್ಲಿ ಮಾತ್ರ ಕಂಡ ವಸ್ತುವನ್ನು ನೂರು ವರ್ಷಗಳ ಬಳಿಕ ಕಣ್ಣಾರೆ ನೋಡುವಂತಾಯಿತು.

ಇಲ್ಲಿ ಮನೆಬಳಕೆಯ ಒಂದು ಮಾತು. ಊರಿನಿಂದ ಬರುವ ನಮ್ಮ ತಂದೆತಾಯಿಯರ ಚೀಲದಲ್ಲಿ ರಕ್ತದೊತ್ತಡದ ಮಾತ್ರೆಗಳಿರುತ್ತವೆ. ಅವುಗಳಲ್ಲಿ ಬೀಟಾ ತಡೆಯುವ ಮಾತ್ರೆ ಇದ್ದು, ಅವರಿಗೆ ದಮ್ಮೂ ಇದ್ದರೆ, ಆ ಮಾತ್ರೆ ಉಸಿರಾಟಕ್ಕೆ ತೊಂದರೆ ಕೊಡಬಹುದು. ಹಾಗೆಂದು ತಾವಾಗಿ ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಮಾತ್ರೆಗಳ ಹೆಸರನ್ನು ಬರೆದು ವೈದ್ಯರಿಗೆ ತೋರಿಸಿರಿ.

ನಮ್ಮ ಬೇಲಿಯ ಗಿಡಗಳು

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದರು. ಅದು ರಕ್ತದೊತ್ತಡವನ್ನು ಇಳಿಸುವ ಬಗೆಯನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ವಿವರಿಸಿದ ಮೇಲೆ ಪಶ್ಚಿಮದ ವೈದ್ಯರ ಗಮನ ಅದರತ್ತ ಹರಿಯಿತು. 1952ರಲ್ಲಿ ಅದರ ಸತ್ವವಾದ ರೆಸರ್ಪಿನ್ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಟ್ಟಿತು. ನರದ ತುದಿಯ ಪುಟ್ಟ ಚೀಲಗಳಲ್ಲಿ ನಾರ್‌ಅಡ್ರೆನಲಿನ್ ಕೂಡಿಡುವುದನ್ನೇ ಅದು ತಡೆಯುತ್ತದೆ. ಕಣಜ ಬರಿದಾದರೆ ಕಳುಹಿಸಲು ಸುದ್ದಿಯೇ ಇಲ್ಲ. ನರಗಳು ಸುದ್ದಿಯನ್ನು ಹೇಗೆ ಕೂಡಿಡುತ್ತವೆ ಎಂಬುದನ್ನು ತಿಳಿಯಲು ಈ ಬೇರು ವಿಜ್ಞಾನಿಗಳಿಗೆ ದೊಡ್ಡ ಸಾಧನವಾಯಿತು.

ಇನ್ನೊಂದು ಗಿಡ ಉಮ್ಮತ್ತ. ಹಾಳುಬಿದ್ದ ಹಿತ್ತಲಲ್ಲಿ, ರಸ್ತೆಯ ಬದಿಯಲ್ಲಿ ಬೆಳೆಯುವ ಆ ಮುಳ್ಳುಕಾಯಿಯನ್ನು ಮುಟ್ಟಬೇಡವೆಂದು ಅಜ್ಜಿಯರು ಗದರಿಸುತ್ತಿದ್ದರು. ಅದನ್ನು ತಿಂದವರ ಬಾಯಿ ಒಣಗುತ್ತದೆ, ಕಣ್ಣ ಪಾಪೆ ಅಗಲವಾಗುತ್ತದೆ, ಎದೆ ಓಡುತ್ತದೆ, ಬುದ್ಧಿ ಕೆಡುತ್ತದೆ. ಅದರಲ್ಲಿರುವ ಅಟ್ರೊಪಿನ್ ಮತ್ತು ಅದರ ಬಂಧುಗಳು ಅಸಿಟೈಲ್‌ಕೋಲಿನ್‌ನ ಮಸ್ಕರಿನ್ ಗ್ರಾಹಕಗಳನ್ನು ಮುಚ್ಚುತ್ತವೆ. ಪರಾನುವೇದನೆಯ ದನಿ ಅಡಗುತ್ತದೆ.

ನಾನು ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ ನಡುರಾತ್ರಿ ಒಬ್ಬ ತರುಣ ರೈತನನ್ನು ಹೊತ್ತು ತಂದರು. ಹತ್ತಿಯ 
ಹೊಲಕ್ಕೆ ಔಷಧ ಸಿಂಪಡಿಸುವಾಗ ಡಬ್ಬಿ ಸೋರಿ ಬೆನ್ನೆಲ್ಲ ತೊಯ್ದಿತ್ತು. ಕಣ್ಣ ಪಾಪೆ ಸೂಜಿಯ ಮೊನೆಯಷ್ಟು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಸದ್ದು, ನಾಡಿ ಮೆಲ್ಲಮೆಲ್ಲಗೆ. ಉಮ್ಮತ್ತ ತಿಂದವನ ಲಕ್ಷಣಗಳನ್ನು ತಿರುವಿ ಹಾಕಿದಂತೆ! ಆರ್ಗನೋಫಾಸ್ಫರಸ್ ಕೀಟನಾಶಕಗಳು ಮಾಡುವುದು ಇದನ್ನೇ. ಲೋವಿಯವರು 1926ರಲ್ಲಿ ಗುರುತಿಸಿದ ಆ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ದೇಹವನ್ನೆಲ್ಲ ಮುಳುಗಿಸುತ್ತದೆ.

ನಾವು ಅಟ್ರೊಪಿನ್ ಚುಚ್ಚಿದೆವು. ನಾಡಿ ನೋಡುತ್ತ, ಎದೆಗೆ ಕಿವಿಗೊಡುತ್ತ, ಬೆಳಗಿನವರೆಗೆ ಮತ್ತೆ ಮತ್ತೆ ಚುಚ್ಚಿದೆವು. ಅವನ ಅಣ್ಣ ಬಾಗಿಲಲ್ಲಿ ಕುಳಿತು, “ಡಾಕ್ಟ್ರೇ, ಅಷ್ಟು ಸಲ ಕೊಡ್ತಾ ಇದ್ದೀರಲ್ಲ, ಅದು ಏನು ಔಷಧಿ?” ಎಂದು ಕೇಳಿದನು. ಉಮ್ಮತ್ತದ ಕುಲದ ಗಿಡಗಳಿಂದ ತೆಗೆದದ್ದು ಎಂದೆ. ಅವನು ನಂಬಲಿಲ್ಲ. “ನಮ್ಮ ಬೇಲಿ ಉಮ್ಮತ್ತವೇ?” ಎಂದು ಮತ್ತೆ ಕೇಳಿದನು. ಬೆಳಗಾಗುವ ಹೊತ್ತಿಗೆ ಎದೆಯ ಗೊರಗೊರ ನಿಂತಿತು. ಆದರೆ ಉಸಿರಾಟದ ಸ್ನಾಯುಗಳು ಸೋತಿದ್ದವು. ಯಂತ್ರದ ಸಹಾಯದಿಂದ ಇನ್ನೂ ಕೆಲವು ದಿನ ಅವನನ್ನು ಉಳಿಸಿಕೊಳ್ಳಬೇಕಾಯಿತು. ಆ ಸ್ನಾಯುಗಳ ಗ್ರಾಹಕ ನಿಕೊಟಿನ್ ಬಗೆಯದು. ಅದನ್ನು ಅಟ್ರೊಪಿನ್ ಮುಟ್ಟಲಾರದು. ಡೇಲ್ 1914ರಲ್ಲಿ ಬರೆದಿಟ್ಟ ಆ ಎರಡು ಮುಖಗಳು ಅಂದು ನನ್ನ ಕಣ್ಣೆದುರಿನ ಹಾಸಿಗೆಯ ಮೇಲೆ ಮಲಗಿದ್ದವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಭೇದ ಒಂದು ಜೀವದ ಉಳಿವು ಅಳಿವುಗಳ ಪ್ರಶ್ನೆ ಎಂದು ಆ ರಾತ್ರಿ ನನಗೆ ಅರ್ಥವಾಯಿತು. ಅವನು ಬದುಕಿ ಮನೆಗೆ ನಡೆದು ಹೋದನು. ಎಲ್ಲರೂ ಹಾಗೆ ಹೋಗುವುದಿಲ್ಲ.

ನಮ್ಮಲ್ಲಿ ಎಷ್ಟೋ ಮಂದಿಯ ಅಣ್ಣತಮ್ಮಂದಿರು ಇನ್ನೂ ಹೊಲದಲ್ಲಿದ್ದಾರೆ. ಮುಂದಿನ ಸಲ ಊರಿಗೆ ಮಾತನಾಡುವಾಗ ಅವರಿಗೆ ಮೂರು ಮಾತು ಹೇಳಿ. ಔಷಧ ಮೈಮೇಲೆ ಬಿದ್ದರೆ ತೊಯ್ದ ಬಟ್ಟೆಯನ್ನು ತಕ್ಷಣ ಕಳಚಿ, ಸಾಬೂನು ನೀರಿನಲ್ಲಿ ಮೈ ತೊಳೆಯಬೇಕು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧದ ಡಬ್ಬಿಯನ್ನು, ಕೈಗೆ ಸೋಂಕದಂತೆ ಕಟ್ಟಿಕೊಂಡು, ಜೊತೆಗೆ ತೆಗೆದುಕೊಂಡು ಹೋಗಬೇಕು. ಉಮ್ಮತ್ತದ ಕಾಯಿಯನ್ನು ಅರೆದು ಕುಡಿಸುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಗಿಡದಲ್ಲಿ ವಿಷದ ಅಳತೆಯಿರುವುದಿಲ್ಲ, ಅಳತೆಯಿರುವುದು ಆಸ್ಪತ್ರೆಯ ಸೂಜಿಯಲ್ಲಿ ಮಾತ್ರ.

ಕೇಂಬ್ರಿಜ್‌ನ ಒಬ್ಬ ತರುಣನ ಕೈಬಿಟ್ಟ ಊಹೆ, ಗ್ರಾಜ್‌ನ ಎರಡು ಕಪ್ಪೆಗಳು, ಬರ್ಲಿನ್ನಿನಿಂದ ಹೊರಗೆ ದಬ್ಬಿಸಿಕೊಂಡವನ ಜಿಗಣೆ, ನಮ್ಮ ಬೇಲಿಯ ಮುಳ್ಳುಕಾಯಿ, ಇವೆಲ್ಲ ಒಂದು ರಾತ್ರಿ ಒಂದು ಹಾಸಿಗೆಯ ಬಳಿ ಕೂಡಿ ಒಬ್ಬ ರೈತನನ್ನು ಉಳಿಸಿದವು. ಜ್ಞಾನಕ್ಕೆ ಊರು ಯಾವುದು, ಪರವೂರು ಯಾವುದು? ಮಗು ವೇದಿಕೆ ಏರುವ ಮುನ್ನ ಅದರ ಎದೆ ಹೊಡೆದುಕೊಂಡರೆ ಬೆನ್ನು ಸವರಿ ಹೀಗೆ ಹೇಳಿ: ಹೆದರಬೇಡ, ನಿನ್ನ ನರಗಳು ತಮ್ಮ ಕೆಲಸವನ್ನು ಮಾಡುತ್ತಿವೆ, ನೀನು ನಿನ್ನ ಹಾಡನ್ನು ಹಾಡು.